ನಲವತ್ತೈದರ ಬಳಿಕ ಬರುವ ಅಪರಿಚಿತರ ಗೆಳೆತನದ ಕೋರಿಕೆ: ಒಪ್ಪುವುದೋ, ಅಳಿಸುವುದೋ?

ಬೆಂಗಳೂರು: ಹೊಸ ಗೆಳೆಯರು ಸಿಗುವ ವಯಸ್ಸು ಮುಗಿಯಿತು ಎಂದು ಮನಸ್ಸು ಒಪ್ಪಿಕೊಂಡಿರುವ ಹೊತ್ತಿನಲ್ಲೇ ಮೊಬೈಲ್ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ. ಹೆಸರು ಕೇಳಿದ ನೆನಪಿಲ್ಲ, ಮುಖ ಕಂಡ ನೆನಪಿಲ್ಲ. ಆದರೂ ಅವರು ನಿಮ್ಮ ಗೆಳೆತನ ಬಯಸಿದ್ದಾರೆ. ಹೆಸರಿನ ಕೆಳಗೆ ‘ಮೂವರು ಪರಸ್ಪರ ಸ್ನೇಹಿತರು’ ಎಂಬ ಶಿಫಾರಸು ಬೇರೆ!

ನೋಡಲು ಇದು ಬೆರಳ ತುದಿಯಲ್ಲಿ ಮುಗಿಯುವ ಕೆಲಸ. ಆದರೆ ಇದೇ ಒಂದು ಒತ್ತುವಿಕೆಯಿಂದ ಮೂವತ್ತು ವರ್ಷ ಕಾಣದಿದ್ದ ಸಹಪಾಠಿಗಳನ್ನು ಮರಳಿ ಪಡೆದವರಿದ್ದಾರೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಕಳೆದುಕೊಂಡವರೂ ಇದ್ದಾರೆ. ಎರಡೂ ಕಥೆಗಳ ಮೊದಲ ಪುಟ ಒಂದೇ ತೆರನಾಗಿರುತ್ತದೆ ಎಂಬುದೇ ಇಲ್ಲಿನ ತೊಡಕು. ಈ ಕೋರಿಕೆಗಳು ಎಲ್ಲಿಂದ ಬರುತ್ತವೆ, ಮಧ್ಯವಯಸ್ಕರನ್ನೇ ಏಕೆ ಹುಡುಕಿಕೊಂಡು ಬರುತ್ತವೆ, ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ದೂರವಿಡುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ಈ ವಯಸ್ಸಿನವರೇ ಏಕೆ?

ಗೂಗಲ್ ಸಂಸ್ಥೆಯ ಆರ್ಕುಟ್ 2004ರ ಜನವರಿಯಲ್ಲಿ ಆರಂಭವಾದಾಗ ಭಾರತದಲ್ಲಿ ಅದರ ಬೆನ್ನು ಹತ್ತಿದವರು ಬಹುಪಾಲು ಕಾಲೇಜು ವಿದ್ಯಾರ್ಥಿಗಳು ಮತ್ತು ಸಾಫ್ಟ್‌ವೇರ್ ಉದ್ಯೋಗಿಗಳು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಫೇಸ್‌ಬುಕ್, 2006ರ ಸೆಪ್ಟೆಂಬರ್‌ನಲ್ಲಿ 13 ವರ್ಷ ತುಂಬಿದ ಎಲ್ಲರಿಗೂ ಬಾಗಿಲು ತೆರೆಯಿತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ದರ ಕುಸಿದು, ಅದುವರೆಗೆ ಅಂತರ್ಜಾಲದಿಂದ ದೂರವಿದ್ದ ಹಿರಿಯರೂ ಗೃಹಿಣಿಯರೂ ನಿವೃತ್ತರೂ ಒಟ್ಟೊಟ್ಟಿಗೆ ಈ ತಾಣಗಳಿಗೆ ಬಂದರು.

ಹೀಗೆ ತಡವಾಗಿ ಬಂದವರ ಪುಟಗಳಲ್ಲಿ ಒಂದು ವಿಶೇಷವಿದೆ. ಹದಿಹರೆಯದವರು ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ, ಒಳಗಿನ ಗೆಳೆಯರಿಗೆ ಬೇರೆ ಖಾತೆ ತೆರೆಯುತ್ತಾರೆ. ಮಧ್ಯವಯಸ್ಕರು ಹಾಗಲ್ಲ. ನಿಜವಾದ ಹೆಸರು, ಓದಿದ ಶಾಲೆ, ಕೆಲಸ ಮಾಡುವ ಕಚೇರಿ, ಹುಟ್ಟಿದ ಊರು, ಗೃಹಪ್ರವೇಶದ ಚಿತ್ರ, ಮಗನ ಪದವಿ ಪ್ರದಾನದ ಚಿತ್ರ, ಕಡೆಗೆ ನಿವೃತ್ತಿಯ ಬೀಳ್ಕೊಡುಗೆಯ ಹಾರ ತುರಾಯಿಗಳ ಚಿತ್ರ ಎಲ್ಲವೂ ಅಲ್ಲಿರುತ್ತವೆ. ಹಳೆಯ ಗೆಳೆಯರು ಗುರುತು ಹಿಡಿಯಲಿ ಎಂಬ ಸದುದ್ದೇಶದಿಂದಲೇ ಹಾಕಿದ ವಿವರಗಳಿವು. ಆದರೆ ಓದುವವನು ಬೇರೆಯಾದರೆ, ‘ಈತ ನಿವೃತ್ತ, ಕೈಯಲ್ಲಿ ಇಡುಗಂಟಿದೆ, ಮಕ್ಕಳು ಹೊರದೇಶದಲ್ಲಿದ್ದಾರೆ, ಸಂಜೆ ಮಾತಿಗೆ ಯಾರೂ ಇಲ್ಲ’ ಎಂಬ ಅರ್ಥವೂ ಅದೇ ಚಿತ್ರಗಳಿಂದ ಹೊರಡುತ್ತದೆ.

ಹಣದ ಜೊತೆಗೆ ಮನಸ್ಸಿನ ಸ್ಥಿತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ವಯಸ್ಸಾದಂತೆ ಮನುಷ್ಯ ತನ್ನ ಸ್ನೇಹವಲಯವನ್ನು ತಾನಾಗಿಯೇ ಕಿರಿದುಗೊಳಿಸಿಕೊಂಡು, ಭಾವನಾತ್ಮಕವಾಗಿ ಹತ್ತಿರದವರನ್ನಷ್ಟೇ ಉಳಿಸಿಕೊಳ್ಳುತ್ತಾನೆ ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್‌ಸನ್ ಅವರ ಪ್ರಸಿದ್ಧ ಸಿದ್ಧಾಂತ. ವಲಯ ಕಿರಿದಾದಾಗ ಅದರಲ್ಲಿ ಒಬ್ಬರು ಕಡಿಮೆಯಾದರೂ ಕೊರತೆ ದೊಡ್ಡದಾಗಿ ಕಾಣುತ್ತದೆ. ಸಂಗಾತಿಯ ಅಗಲಿಕೆ, ಮಕ್ಕಳ ವಲಸೆ, ವರ್ಗಾವಣೆ, ನಿವೃತ್ತಿ ಇವೆಲ್ಲ ಬರುವುದೂ ಈ ವಯಸ್ಸಿನಲ್ಲೇ. ಅಂಥ ಹೊತ್ತಿನಲ್ಲಿ ‘ಊಟ ಆಯಿತೇ?’ ಎಂದು ಕೇಳುವ ಒಂದು ದನಿ ಹಿತವೆನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೋರಿಕೆ ಬರುವ ದಾರಿಗಳು

ಅಪರಿಚಿತರೆಲ್ಲ ಮೋಸಗಾರರಲ್ಲ ಎಂಬುದನ್ನು ಮೊದಲು ಹೇಳಬೇಕು. ‘ನಿಮಗೆ ಪರಿಚಯವಿರಬಹುದಾದವರು’ ಎಂಬ ಪಟ್ಟಿಯನ್ನು ಫೇಸ್‌ಬುಕ್ 2008ರಿಂದ ತೋರಿಸುತ್ತಿದೆ. ಪರಸ್ಪರ ಸ್ನೇಹಿತರು, ಓದಿದ ಶಾಲೆ, ಕೆಲಸದ ಜಾಗ, ಸೇರಿರುವ ಗುಂಪು, ಮೊಬೈಲ್‌ನಿಂದ ತಾಣಕ್ಕೆ ಏರಿಸಿದ ದೂರವಾಣಿ ಸಂಖ್ಯೆಗಳು ಇವುಗಳನ್ನು ಹೊಂದಿಸಿ ಆ ಪಟ್ಟಿ ತಯಾರಾಗುತ್ತದೆ. ನಿಮ್ಮ ಸಂಖ್ಯೆಯನ್ನು ಎಂದೋ ಬರೆದಿಟ್ಟುಕೊಂಡ ಗ್ಯಾಸ್ ಏಜೆನ್ಸಿಯ ಹುಡುಗನ ಪರದೆಯಲ್ಲೂ ನಿಮ್ಮ ಹೆಸರು ಕಾಣಿಸಬಹುದು. ಅವನು ಕುತೂಹಲಕ್ಕೆ ಒತ್ತಿರಬಹುದು, ಕೈತಪ್ಪಿ ಒತ್ತಿರಲೂಬಹುದು. ಅದೇ ಹೆಸರಿನ ಇನ್ನೊಬ್ಬರನ್ನು ಹುಡುಕುತ್ತಾ ನಿಮ್ಮ ಬಳಿ ಬಂದವರಿರುತ್ತಾರೆ. ಗಮಕ, ತೋಟಗಾರಿಕೆ, ಹಳೆಯ ಚಿತ್ರಗೀತೆಗಳ ಗುಂಪಿನಲ್ಲಿ ನೀವು ಬರೆದ ಎರಡು ಸಾಲು ಮೆಚ್ಚಿ ಬಂದವರಿರುತ್ತಾರೆ.

ಜಗತ್ತು ನಾವು ಎಣಿಸಿದ್ದಕ್ಕಿಂತ ಚಿಕ್ಕದು. ಫೇಸ್‌ಬುಕ್ ಬಳಸುವ ಯಾವುದೇ ಇಬ್ಬರ ನಡುವೆ ಸರಾಸರಿ ಮೂರೂವರೆ ಮಂದಿಯ ಅಂತರವಷ್ಟೇ ಇದೆ ಎಂದು ಆ ಸಂಸ್ಥೆ 2016ರಲ್ಲಿ ಲೆಕ್ಕಹಾಕಿತ್ತು. ಆದ್ದರಿಂದ ‘ಪರಸ್ಪರ ಸ್ನೇಹಿತರಿದ್ದಾರೆ’ ಎಂಬುದು ಆಶ್ಚರ್ಯದ ವಿಷಯವೂ ಅಲ್ಲ, ಭರವಸೆಯ ವಿಷಯವೂ ಅಲ್ಲ.

ದೂರದ ಪರಿಚಯಕ್ಕೆ ಬೆಲೆಯಿಲ್ಲ ಎಂದಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದನ್ನೇ ವಾದಿಸಿತು. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ, ಹೊಸ ಅವಕಾಶ ಬರುವುದು ಅಷ್ಟಾಗಿ ಹತ್ತಿರವಲ್ಲದವರಿಂದ ಎಂಬುದು ಅದರ ತಿರುಳು. ಎಸ್ಸೆಸ್ಸೆಲ್ಸಿ ತಂಡಗಳ ಪುನರ್ಮಿಲನಗಳು, ಮೈಸೂರಿನಲ್ಲಿ ಕುಳಿತು ಮಸ್ಕತ್ತಿನ ಬಂಧುವಿನ ಸುಳಿವು ಪಡೆಯುವುದು, ರಕ್ತದಾನಿಗಳ ಗುಂಪಿನಿಂದ ಸಕಾಲಕ್ಕೆ ಒದಗುವ ನೆರವು ಇವೆಲ್ಲ ಅಂಥ ಸಡಿಲ ನಂಟುಗಳ ಫಲವೇ. ಆದಕಾರಣ ಬಂದ ಕೋರಿಕೆಗಳನ್ನೆಲ್ಲ ಕಣ್ಣುಮುಚ್ಚಿ ಅಳಿಸುವುದೊಂದೇ ಪರಿಹಾರವಾಗಲಾರದು.

ಮೋಸದ ನಾಲ್ಕು ಮುಖಗಳು

ಆದರೆ ನಕಲಿಗಳ ಸಂಖ್ಯೆ ಸಣ್ಣದಲ್ಲ. 2019ರ ಮೊದಲ ಮೂರು ತಿಂಗಳಲ್ಲೇ ಸುಮಾರು 220 ಕೋಟಿ ನಕಲಿ ಖಾತೆಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ ತಿಳಿಸಿತ್ತು. ಅವುಗಳಲ್ಲಿ ಹೆಚ್ಚಿನವು ಯಂತ್ರದಿಂದ ಹುಟ್ಟಿ, ಯಾರನ್ನೂ ತಲುಪುವ ಮುನ್ನವೇ ಅಳಿದವು. ಉಳಿದುಕೊಂಡು ನಮ್ಮವರ ಬಾಗಿಲು ತಟ್ಟುವ ಖಾತೆಗಳು ಸಾಮಾನ್ಯವಾಗಿ ನಾಲ್ಕು ವೇಷಗಳಲ್ಲಿ ಬರುತ್ತವೆ.

ಮೊದಲನೆಯದು ಪರಿಚಿತರ ವೇಷ. ನಿಮ್ಮ ಗೆಳೆಯರ ಹೆಸರು ಮತ್ತು ಭಾವಚಿತ್ರವನ್ನೇ ಕದ್ದು ಇನ್ನೊಂದು ಖಾತೆ ತೆರೆದು, ಅವರ ಸ್ನೇಹಿತರ ಪಟ್ಟಿಯಲ್ಲಿರುವ ಎಲ್ಲರಿಗೂ ಕೋರಿಕೆ ಕಳಿಸಲಾಗುತ್ತದೆ. ‘ಇವರು ಆಗಲೇ ನನ್ನ ಪಟ್ಟಿಯಲ್ಲಿದ್ದರಲ್ಲ’ ಎಂಬ ಅನುಮಾನ ಬಂದರೂ ‘ಹೊಸ ಖಾತೆ ಇರಬೇಕು’ ಎಂದು ಒಪ್ಪಿಬಿಡುತ್ತೇವೆ. ಆಮೇಲೆ ‘ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು, ನಾಳೆ ಬೆಳಗ್ಗೆ ಹಿಂತಿರುಗಿಸುವೆ’ ಎಂಬ ಸಂದೇಶ. ಇದರದೇ ಇನ್ನೊಂದು ರೂಪದಲ್ಲಿ, ಅರೆಸೇನಾ ಪಡೆಯ ಅಧಿಕಾರಿಯಾದ ತನ್ನ ಸ್ನೇಹಿತನಿಗೆ ವರ್ಗವಾಗಿದೆ, ಮನೆಯ ಪೀಠೋಪಕರಣಗಳನ್ನು ಅಗ್ಗಕ್ಕೆ ಕೊಡುತ್ತಿದ್ದಾನೆ ಎಂಬ ಮಾತು ಬರುತ್ತದೆ. ಪೊಲೀಸ್ ಅಧಿಕಾರಿಗಳ ಹೆಸರನ್ನೂ ಈ ವಂಚಕರು ಬಿಟ್ಟಿಲ್ಲ!

ಎರಡನೆಯದು ಪ್ರೇಮ ಅಥವಾ ಅನುಕಂಪದ ವೇಷ. ವಿದೇಶದಲ್ಲಿರುವ ವೈದ್ಯ, ಸೈನಿಕ, ಹಡಗಿನ ಎಂಜಿನಿಯರ್, ಮಗುವಿನೊಂದಿಗಿರುವ ವಿಧುರ ಎಂದೆಲ್ಲ ಪರಿಚಯ. ವಾರಗಟ್ಟಲೆ ಮಾತು. ಬಳಿಕ ಉಡುಗೊರೆಯ ಪೊಟ್ಟಣ ಕಳಿಸಿದ್ದಾಗಿ ಹೇಳುತ್ತಾರೆ. ಎರಡು ದಿನಕ್ಕೆ ‘ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್’ ಹೆಸರಿನಲ್ಲಿ ಕರೆ: ಪೊಟ್ಟಣದಲ್ಲಿ ವಿದೇಶಿ ಹಣವಿದೆ, ಸುಂಕ ಕಟ್ಟಿ, ಇಲ್ಲವಾದರೆ ಬಂಧನ. ನಿಜವಾದ ಕಸ್ಟಮ್ಸ್ ಇಲಾಖೆ ಯಾರದೋ ವೈಯಕ್ತಿಕ ಖಾತೆಗೆ ಸುಂಕ ತುಂಬಿಸಿಕೊಳ್ಳುವುದಿಲ್ಲ. ಅದರ ಪತ್ರಗಳ ಮೇಲೆ ‘ಡಿಐಎನ್’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೇಂದ್ರೀಯ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಮೂರನೆಯದು ಹೆಚ್ಚು ಕ್ರೂರ. ಕೋರಿಕೆ ಒಪ್ಪಿದ ಕೆಲವೇ ಗಂಟೆಗಳಲ್ಲಿ ವಾಟ್ಸ್‌ಆ್ಯಪ್ ಸಂಖ್ಯೆ ಕೇಳಿ ವಿಡಿಯೋ ಕರೆ ಮಾಡುತ್ತಾರೆ. ಆ ಬದಿಯಲ್ಲಿ ಬೆತ್ತಲೆ ದೃಶ್ಯ ಓಡುತ್ತಿರುತ್ತದೆ. ಈ ಬದಿಯ ಮುಖವನ್ನು ಅದರೊಂದಿಗೆ ಸೇರಿಸಿ ಚಿತ್ರೀಕರಿಸಲಾಗುತ್ತದೆ. ಮರುಕ್ಷಣವೇ ಬೆದರಿಕೆ: ‘ನಿನ್ನ ಸ್ನೇಹಿತರ ಪಟ್ಟಿಯಲ್ಲಿರುವ ಎಲ್ಲರಿಗೂ ಕಳಿಸುವೆ.’ ಹಣ ಕೊಟ್ಟರೆ ಅಲ್ಲಿಗೆ ಮುಗಿಯುವುದಿಲ್ಲ. ‘ಸಿಬಿಐ ಅಧಿಕಾರಿ’, ‘ಯೂಟ್ಯೂಬ್ ಸಿಬ್ಬಂದಿ’ ಎಂಬ ಹೊಸ ಪಾತ್ರಗಳು ಬಂದು ಮತ್ತಷ್ಟು ಕೇಳುತ್ತವೆ. ಕ್ಯಾಮೆರಾ ಮುಂದೆ ಕೂರಿಸಿ ‘ಡಿಜಿಟಲ್ ಅರೆಸ್ಟ್’ ಮಾಡುವ ಅಧಿಕಾರ ಭಾರತದ ಯಾವ ಕಾನೂನಿನಲ್ಲೂ ಇಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ನಾಲ್ಕನೆಯದು ನಿಧಾನದ್ದು, ನಷ್ಟ ಮಾತ್ರ ದೊಡ್ಡದು. ಇಲ್ಲಿ ಹಣ ಕೇಳುವುದೇ ಇಲ್ಲ. ತಾನು ಷೇರು ಅಥವಾ ಕ್ರಿಪ್ಟೊ ವ್ಯವಹಾರದಲ್ಲಿ ಗಳಿಸುತ್ತಿರುವುದನ್ನು ಗೆಳೆಯ ಅಥವಾ ಗೆಳತಿ ಮಾತಿನ ಮಧ್ಯೆ ತಿಳಿಸುತ್ತಾರೆ. ನೀವೇ ಕುತೂಹಲದಿಂದ ಕೇಳುತ್ತೀರಿ. ಆ್ಯಪ್‌ನಲ್ಲಿ ಹತ್ತು ಸಾವಿರ ಹಾಕಿದರೆ ಹನ್ನೆರಡು ಸಾವಿರ ಹಿಂದೆ ಬರುತ್ತದೆ, ನಂಬಿಕೆ ಕುದುರುತ್ತದೆ. ಮೊತ್ತ ಲಕ್ಷಗಳಿಗೆ ಏರಿದ ಮೇಲೆ ಪರದೆಯಲ್ಲಿ ಲಾಭ ಕಾಣುತ್ತದೆ, ಕೈಗೆ ಬರುವುದಿಲ್ಲ. ಹಿಂಪಡೆಯಲು ‘ತೆರಿಗೆ’ ಕಟ್ಟಬೇಕು ಎನ್ನುತ್ತಾರೆ. ಆ ಆ್ಯಪ್ ಮಾರುಕಟ್ಟೆಯದಲ್ಲ, ವಂಚಕರೇ ಬರೆದದ್ದು. ಹೂಡಿಕೆ ಸಲಹೆಗಾರರು, ದಲ್ಲಾಳಿ ಸಂಸ್ಥೆಗಳ ನೋಂದಣಿಯನ್ನು ಸೆಬಿ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬಹುದು.

ಇದು ನಮ್ಮಲ್ಲಷ್ಟೇ ಇರುವ ಪಿಡುಗಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 2022ರಲ್ಲಿ ಸುಮಾರು 70 ಸಾವಿರ ಮಂದಿ ಪ್ರೇಮವಂಚನೆಯ ದೂರು ನೀಡಿದ್ದರು; ಅವರು ಕಳೆದುಕೊಂಡ ಮೊತ್ತ 130 ಕೋಟಿ ಡಾಲರ್.

ಆಚೆ ಬದಿಯಲ್ಲಿ ಯಾರಿದ್ದಾರೆ?

ಪರದೆಯ ಆಚೆ ಕುಳಿತವನು ಯಾವಾಗಲೂ ತನ್ನಿಚ್ಛೆಯಿಂದ ಕುಳಿತಿರುತ್ತಾನೆ ಎನ್ನಲಾಗದು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿಯನ್ನು ಬಲವಂತದಿಂದ ಆನ್‌ಲೈನ್ ವಂಚನೆಗೆ ದುಡಿಸಿಕೊಳ್ಳಲಾಗುತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜಿಸಿತ್ತು. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸ ಎಂಬ ಜಾಹೀರಾತು ನಂಬಿ ಹೋದ ಯುವಕರ ಪಾಸ್‌ಪೋರ್ಟ್ ಕಿತ್ತುಕೊಂಡು, ದಿನಕ್ಕೆ ಇಂತಿಷ್ಟು ಜನರ ಸ್ನೇಹ ಸಂಪಾದಿಸಬೇಕು ಎಂದು ಗುರಿ ಕೊಡಲಾಗುತ್ತದೆ. 2025ರ ಮಾರ್ಚ್‌ನಲ್ಲಿ ಇಂಥ ಕೇಂದ್ರಗಳಿಂದ ಬಿಡುಗಡೆಯಾದ ಐದುನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಐವತ್ತೈದರ ನಿವೃತ್ತರಿಗೆ ಬರುವ ಸಿಹಿಮಾತಿನ ಸಂದೇಶವನ್ನು ಬರೆಯುತ್ತಿರುವುದು ಅವರ ಮಗನ ವಯಸ್ಸಿನ ಬಂದಿಯೊಬ್ಬನಾಗಿರುವ ಸಾಧ್ಯತೆ ಇದೆ. ಭಾರತದೊಳಗಿನಿಂದಲೇ ಕೆಲಸ ಮಾಡುವ ತಂಡಗಳೂ ಹಲವಾರಿವೆ.

ಇದನ್ನು ತಿಳಿಯುವುದರಿಂದ ಇನ್ನೊಂದು ಪ್ರಯೋಜನವಿದೆ. ಮೋಸಹೋದವರು ‘ನಾನು ಇಷ್ಟು ದಡ್ಡನಾದೆನೇ’ ಎಂದು ಹಳಹಳಿಸುತ್ತಾರೆ. ಅವರೆದುರು ಇದ್ದದ್ದು ಒಬ್ಬ ವ್ಯಕ್ತಿಯಲ್ಲ; ಪಾಳಿಯ ಮೇಲೆ ಕೆಲಸ ಮಾಡುವ, ಮಾತಿನ ಮಾದರಿಗಳನ್ನು ಮೊದಲೇ ಬರೆದಿಟ್ಟುಕೊಂಡ ಒಂದು ಕಾರ್ಖಾನೆ.

ಪುಟ ನೋಡಿ ತಿಳಿಯದು, ನಡೆ ನೋಡಿ ತಿಳಿಯಬೇಕು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಒಳ್ಳೆಯ ಚಿತ್ರ, ಪರಸ್ಪರ ಸ್ನೇಹಿತರು, ಹತ್ತಾರು ಮೆಚ್ಚುಗೆಗಳು ಯಾವುದೂ ಪುರಾವೆಯಲ್ಲ. ನಿಮ್ಮ ಮೂವರು ಸ್ನೇಹಿತರೂ ನಿಮ್ಮ ಹಾಗೆಯೇ ನೋಡದೆ ಒಪ್ಪಿಕೊಂಡಿರಬಹುದು. ಭಾವಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಕೆಲವೊಮ್ಮೆ ಅದು ಬೇರೆಯವರದ್ದೆಂದು ಗೊತ್ತಾಗುತ್ತದೆ. ಆದರೆ ಕಂಪ್ಯೂಟರ್ ಸೃಷ್ಟಿಸಿದ ಮುಖವಾದರೆ ಆ ಪರೀಕ್ಷೆಯೂ ಸೋಲುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮುಖ, ದನಿ ಎರಡನ್ನೂ ಬದಲಿಸಬಹುದಾದ ಈ ಕಾಲದಲ್ಲಿ ವಿಡಿಯೋ ಕರೆಯೂ ಪೂರ್ಣ ಸಾಕ್ಷಿಯಲ್ಲ.

ಹಾಗಾದರೆ ನಂಬುವುದು ಯಾವುದನ್ನು? ಪರಿಚಿತರ ಹೆಸರಿನಲ್ಲಿ ಕೋರಿಕೆ ಬಂದರೆ, ನಿಮ್ಮ ಬಳಿ ಮೊದಲಿಂದಲೂ ಇರುವ ಅವರ ಸಂಖ್ಯೆಗೆ ಕರೆ ಮಾಡಿ ಕೇಳಿ. ಎರಡು ನಿಮಿಷದ ಈ ಕೆಲಸ ಮೊದಲ ವೇಷವನ್ನು ಅಲ್ಲಿಯೇ ಕಳಚುತ್ತದೆ. ಅಪರಿಚಿತರಾದರೆ ಅವರ ಮುಂದಿನ ನಡೆಯನ್ನು ಗಮನಿಸಿ. ನಿಜವಾದ ಸ್ನೇಹಕ್ಕೆ ಅವಸರವಿಲ್ಲ. ಒಪ್ಪಿದ ದಿನವೇ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಕರೆಯುವುದು, ವಾರದೊಳಗೆ ಅತಿ ಸಲುಗೆ ತೋರುವುದು, ನೇರ ಭೇಟಿಯ ಮಾತು ಬಂದಾಗಲೆಲ್ಲ ಕಾರಣ ಹೇಳುವುದು, ಹಣದ ಸುದ್ದಿ ಎತ್ತುವುದು ಇವು ಎಚ್ಚರದ ಗಂಟೆಗಳು. ಎಲ್ಲಕ್ಕಿಂತ ಮುಖ್ಯವಾದ ಗುರುತು ಇನ್ನೊಂದು: ‘ಇದು ನಮ್ಮಿಬ್ಬರ ನಡುವೆಯೇ ಇರಲಿ, ಮನೆಯವರಿಗೆ ಹೇಳಬೇಡಿ’ ಎಂಬ ಮಾತು. ಗುಟ್ಟನ್ನು ಬೇಡುವ ಗೆಳೆತನ ಗೆಳೆತನವಲ್ಲ.

ತಾಣದ ವ್ಯವಸ್ಥೆಯಲ್ಲೂ ಕೆಲವು ಬದಲಾವಣೆ ಮಾಡಿಕೊಳ್ಳಬಹುದು. ಕೋರಿಕೆ ಕಳಿಸುವ ಅವಕಾಶವನ್ನು ‘ಎಲ್ಲರೂ’ ಎಂಬುದರಿಂದ ‘ಸ್ನೇಹಿತರ ಸ್ನೇಹಿತರು’ ಎಂಬುದಕ್ಕೆ ಇಳಿಸಬಹುದು. ಸ್ನೇಹಿತರ ಪಟ್ಟಿಯನ್ನು ನಿಮಗೆ ಮಾತ್ರ ಕಾಣುವಂತೆ ಮಾಡಬಹುದು. ಮೊದಲ ಮತ್ತು ಮೂರನೆಯ ಬಗೆಯ ಮೋಸಗಳಿಗೆ ಆಧಾರವೇ ಆ ಪಟ್ಟಿಯಾದ್ದರಿಂದ ಈ ಒಂದು ಬದಲಾವಣೆಯ ಲಾಭ ದೊಡ್ಡದು. ಅಪರಿಚಿತರಿಗೆ ಚಿತ್ರಗಳು ಕಾಣದಂತೆ ಪುಟಕ್ಕೆ ಬೀಗ ಹಾಕುವ ಸೌಲಭ್ಯವನ್ನು ಫೇಸ್‌ಬುಕ್ ಭಾರತದಲ್ಲಿ 2020ರ ಮೇ ತಿಂಗಳಲ್ಲಿ ಒದಗಿಸಿತು. ಕೋರಿಕೆಯನ್ನು ಅಳಿಸಿದರೆ ಕಳಿಸಿದವರಿಗೆ ಸೂಚನೆ ಹೋಗುವುದಿಲ್ಲ. ಹೀಗಾಗಿ ‘ಬೇಜಾರು ಮಾಡಿಕೊಂಡಾರು’ ಎಂಬ ದಾಕ್ಷಿಣ್ಯಕ್ಕೆ ಕಾರಣವಿಲ್ಲ.

ಹಣ ಹೋದರೆ ಮೊದಲು ಮಾಡಬೇಕಾದ್ದು

ಮೊದಲ ಗಂಟೆಗಳೇ ನಿರ್ಣಾಯಕ. ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ನಡೆಯುವ 1930 ಸಹಾಯವಾಣಿಗೆ ಕರೆ ಮಾಡಿ, ಹಣ ಹೋದ ಖಾತೆಯ ವಿವರ ಕೊಟ್ಟರೆ ಅದನ್ನು ಆಯಾ ಬ್ಯಾಂಕಿಗೆ ರವಾನಿಸಿ ಮೊತ್ತವನ್ನು ತಡೆಹಿಡಿಯಲು ಯತ್ನಿಸಲಾಗುತ್ತದೆ. ಹಣ ಒಂದು ಖಾತೆಯಿಂದ ಹಲವು ಖಾತೆಗಳಿಗೆ ಹರಿದು ನಗದಾಗುವ ಮೊದಲೇ ಈ ತಡೆ ಬೀಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲೂ ದೂರು ದಾಖಲಿಸಬಹುದು. ನಿಮ್ಮ ಬ್ಯಾಂಕಿಗೆ ಅದೇ ಹೊತ್ತಿಗೆ ತಿಳಿಸಬೇಕು. ಗ್ರಾಹಕರ ಅರಿವಿಲ್ಲದೆ ನಡೆದ ವಹಿವಾಟಿಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ರಕ್ಷಣೆ ಒದಗಿಸಿತು. ಆದರೆ ವಂಚಕನ ಮಾತು ನಂಬಿ ಗ್ರಾಹಕರೇ ಕಳಿಸಿದ ಹಣ ಆ ವ್ಯಾಖ್ಯೆಗೆ ಸೇರುವುದಿಲ್ಲ. ತ್ವರೆ ಬೇಕಾಗುವುದು ಈ ಕಾರಣಕ್ಕೇ.

ಗಾಬರಿಯಲ್ಲಿ ಸಂಭಾಷಣೆಯನ್ನು ಅಳಿಸಬೇಡಿ. ಪರದೆಯ ಚಿತ್ರಗಳು, ಖಾತೆಯ ವಿಳಾಸ, ದೂರವಾಣಿ ಸಂಖ್ಯೆ, ಹಣ ಕಳಿಸಿದ ರಸೀದಿ ಇವೇ ಸಾಕ್ಷ್ಯಗಳು. ಬೇರೊಬ್ಬರ ಗುರುತು ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ವೇಷಮರೆಸಿ ವಂಚಿಸುವುದು 66ಡಿ ಸೆಕ್ಷನ್‌ನಡಿ ಅಪರಾಧ. ಎರಡಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಬೆದರಿಸಿ ಹಣ ಸುಲಿಯುವುದಕ್ಕೆ 308ನೇ ಸೆಕ್ಷನ್ ಇವೆ. ಕೃತ್ಯ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅವಕಾಶ ನೀಡಿದೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ.

ವಿಡಿಯೋ ಬೆದರಿಕೆಗೆ ಒಳಗಾದವರು ಒಂದು ರೂಪಾಯಿಯನ್ನೂ ಕೊಡಬಾರದು. ಕೊಟ್ಟವರಿಗೇ ಮತ್ತೆ ಕರೆ ಬರುತ್ತದೆ. ಖಾಸಗಿ ಚಿತ್ರ ಹರಡದಂತೆ ತಡೆಯಲು ‘ಸ್ಟಾಪ್‌ಎನ್‌ಸಿಐಐ’ ಎಂಬ ಉಚಿತ ಸೇವೆ 2021ರಿಂದ ಇದೆ. ಅಲ್ಲಿ ಚಿತ್ರವನ್ನು ಕಳಿಸಬೇಕಿಲ್ಲ; ಅದರ ಸಂಕೇತವೊಂದನ್ನು ನಿಮ್ಮ ಸಾಧನದಲ್ಲೇ ತಯಾರಿಸಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ತಾಣಗಳಿಗೆ ನೀಡಲಾಗುತ್ತದೆ. ಮನಸ್ಸು ಕುಸಿದಾಗ ಯಾವ ಹೊತ್ತಿನಲ್ಲಾದರೂ 14416ಕ್ಕೆ ಕರೆ ಮಾಡಬಹುದು. ಇದು 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತನಾಡಬಹುದು.

ಮೌನವೇ ವಂಚಕರ ಬಂಡವಾಳ

ಈ ಎಲ್ಲ ಮೋಸಗಳೂ ಒಂದು ಲೆಕ್ಕಾಚಾರದ ಮೇಲೆ ನಿಂತಿವೆ. ಐವತ್ತರ ಆಸುಪಾಸಿನ, ಊರಿನಲ್ಲಿ ನಾಲ್ಕು ಜನ ಗೌರವಿಸುವ ವ್ಯಕ್ತಿ ಇಂಥ ಸಂಗತಿಯನ್ನು ಯಾರಿಗೂ ಹೇಳಿಕೊಳ್ಳಲಾರ ಎಂಬುದೇ ಆ ಲೆಕ್ಕ. ಹೂಡಿಕೆಯ ಹೆಸರಿನ ಪ್ರೇಮವಂಚನೆಯನ್ನು ‘ಹಂದಿ ಕೊಬ್ಬಿಸಿ ಕೊಯ್ಯುವುದು’ ಎಂಬ ಅರ್ಥದ ಹೆಸರಿನಿಂದ ಕರೆಯುವ ರೂಢಿ ಇತ್ತು. ಈ ಹೆಸರು ಮೋಸಹೋದವರನ್ನು ಅವಮಾನಿಸಿ ಅವರ ಬಾಯಿ ಕಟ್ಟುತ್ತದೆ, ಅದನ್ನು ಕೈಬಿಡಿ ಎಂದು 2024ರ ಡಿಸೆಂಬರ್‌ನಲ್ಲಿ ಇಂಟರ್‌ಪೋಲ್ ಮನವಿ ಮಾಡಿತು. ಹೆಸರೊಂದರ ಬಗ್ಗೆ ಅಂತಾರಾಷ್ಟ್ರೀಯ ಪೊಲೀಸ್ ಸಂಘಟನೆ ಇಷ್ಟು ತಲೆಕೆಡಿಸಿಕೊಂಡದ್ದಕ್ಕೆ ಕಾರಣವಿದೆ: ನಾಚಿಕೆಯಿಂದ ತಡವಾದ ಪ್ರತಿ ಗಂಟೆಯೂ ವಂಚಕನ ಲಾಭ.

ಹಾಗಾಗಿ ಮನೆಯವರ ಹೊಣೆಯೂ ಇಲ್ಲಿ ಸಣ್ಣದಲ್ಲ. ಅಪ್ಪನೋ ಅಮ್ಮನೋ ಅಳುಕುತ್ತಾ ಫೋನ್ ಮುಂದೆ ಹಿಡಿದಾಗ ಮೊದಲ ಮಾತು ‘ಈ ವಯಸ್ಸಿನಲ್ಲಿ ನಿಮಗಿದೆಲ್ಲ ಬೇಕಿತ್ತೇ?’ ಎಂದಾದರೆ, ಎರಡನೆಯ ಸಲ ಅವರು ಹೇಳುವುದಿಲ್ಲ. ‘ಎಷ್ಟು ಹೊತ್ತಾಯಿತು? ಮೊದಲು 1930ಕ್ಕೆ ಕರೆ ಮಾಡೋಣ’ ಎಂದರೆ ಹಣವೂ ಉಳಿಯಬಹುದು, ಮನುಷ್ಯರೂ ಉಳಿಯುತ್ತಾರೆ. ಊಟವಾಯಿತೇ ಎಂಬ ಪ್ರಶ್ನೆ ಮನೆಯೊಳಗಿನಿಂದಲೇ ಆಗಾಗ ಬರುತ್ತಿದ್ದರೆ ಹೊರಗಿನ ದನಿಯ ಸೆಳೆತ ಅಷ್ಟರಮಟ್ಟಿಗೆ ತಗ್ಗುತ್ತದೆ.

ಅಪರಿಚಿತರ ಕೋರಿಕೆಗಳು ಮುಂದೆಯೂ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹಳೆಯ ಬೆಂಚಿನ ಗೆಳೆಯನೂ ಇರಬಹುದು. ಅವಸರವಿಲ್ಲದೆ ವಿಚಾರಿಸಿ, ಬೇಕೆನಿಸಿದರೆ ಒಪ್ಪಿ, ಬೇಡವೆನಿಸಿದರೆ ದಾಕ್ಷಿಣ್ಯವಿಲ್ಲದೆ ಅಳಿಸಿ. ಒಪ್ಪಿದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ.